ಮಾರುವೇಷದ ಥ್ರಿಲ್ಲರ್: ಸಿಐಡಿ 999ರಿಂದ ಕಿಲ್ಲಿಂಗ್ ವೀರಪ್ಪನ್‌ವರೆಗೆ

ಹಿಂಸೆಯನ್ನೇ ದಾರಿ ಮಾಡಿಕೊಂಡ ಗುಂಪಿನೊಳಗೆ ಪೊಲೀಸನೊಬ್ಬ ಹೆಸರು ಮರೆಸಿ ಸೇರಿಕೊಳ್ಳುವ ಕಥೆಯುಳ್ಳ ಚಿತ್ರಗಳನ್ನು ಮಾರುವೇಷದ ಥ್ರಿಲ್ಲರ್ ಎನ್ನಬಹುದು. ಕನ್ನಡದಲ್ಲಿ ಈ ಬಗೆಯ ಚಿತ್ರಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಅದರಲ್ಲಿ ನಿಜ ಘಟನೆಗೆ ಅತಿ ಸಮೀಪ ಬಂದದ್ದು 2016ರ ಜನವರಿ 1ರಂದು ತೆರೆಕಂಡ ‘ಕಿಲ್ಲಿಂಗ್ ವೀರಪ್ಪನ್’. ಇದರ ನಿರ್ದೇಶಕ ರಾಮ್ ಗೋಪಾಲ್ ವರ್ಮಾ. ಶಿವರಾಜಕುಮಾರ್ ವಿಶೇಷ ಕಾರ್ಯಪಡೆಯ ಬೇಹುಗಾರಿಕೆ ಅಧಿಕಾರಿಯಾಗಿ, ಸಂದೀಪ್ ಭಾರದ್ವಾಜ್ ಕಾಡುಗಳ್ಳ ವೀರಪ್ಪನ್ ಆಗಿ, ಪಾರುಲ್ ಯಾದವ್ ಶ್ರೇಯಾ ಎಂಬ ಪಾತ್ರದಲ್ಲಿ, ಯಜ್ಞಾ ಶೆಟ್ಟಿ ವೀರಪ್ಪನ್‌ನ ಹೆಂಡತಿ ಮುತ್ತುಲಕ್ಷ್ಮಿಯಾಗಿ ಅಭಿನಯಿಸಿದ್ದಾರೆ.

ಚಿತ್ರದ ಕಥೆ ಕಾಡಿನ ಬೇಟೆಗಿಂತ ಊರಿನ ಬೇಹುಗಾರಿಕೆಯನ್ನೇ ಹೆಚ್ಚು ನೆಚ್ಚಿಕೊಂಡಿದೆ. ಸಾವಿರಾರು ಪೊಲೀಸರು ವರ್ಷಗಟ್ಟಲೆ ಕಾಡು ಸೋಸಿದರೂ ಸಿಗದವನನ್ನು ಕಾಡಿನಿಂದ ಹೊರಕ್ಕೆ ಕರೆತರಬೇಕು ಎಂಬುದು ಅಧಿಕಾರಿಯ ಲೆಕ್ಕಾಚಾರ. ಅದಕ್ಕಾಗಿ ಶ್ರೇಯಾ ಮುತ್ತುಲಕ್ಷ್ಮಿಯ ಗೆಳೆತನ ಸಂಪಾದಿಸುತ್ತಾಳೆ. ಕಡೆಗೆ ಗುಂಪಿನ ನಂಬಿಕೆ ಗಳಿಸಿದ ಪೊಲೀಸರೇ ವೀರಪ್ಪನ್‌ನನ್ನು ಆಂಬುಲೆನ್ಸ್‌ಗೆ ಹತ್ತಿಸಿಕೊಂಡು ಗುಂಡಿನ ಎದುರಿಗೆ ತಂದು ನಿಲ್ಲಿಸುತ್ತಾರೆ. ಅಂತ್ಯ ಎಲ್ಲರಿಗೂ ಗೊತ್ತಿರುವುದರಿಂದ ‘ಏನಾಗುತ್ತದೆ’ ಎಂಬ ಕುತೂಹಲಕ್ಕೆ ಇಲ್ಲಿ ಜಾಗವಿಲ್ಲ. ‘ಯಾರು ಯಾರನ್ನು ಯಾವಾಗ ನಂಬುತ್ತಾರೆ’ ಎಂಬುದರ ಮೇಲೆಯೇ ಚಿತ್ರ ನಿಂತಿದೆ.

ಈ ಕಥಾಪ್ರಕಾರದ ಬೇರು ಹುಡುಕುತ್ತಾ ಹೋದರೆ ಕಲ್ಯಾಣ ಕರ್ನಾಟಕದ ಸುರಪುರದ ಪರಿಚಯವಿದ್ದ ಒಬ್ಬ ಲೇಖಕ ಎದುರಾಗುತ್ತಾನೆ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) ಠಕ್ಕರ ಹೇಳಿಕೆಗಳನ್ನು ತಾನೇ ಕೇಳಿದ್ದವನು. ಅದರ ಆಧಾರದ ಮೇಲೆ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿ ಪ್ರಕಟಿಸಿದ. 1841ರ ಬಳಿಕ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ.   ಅವನ ಕಾದಂಬರಿಗೆ ವಸ್ತುವಾದ ಠಕ್ಕರ ಕಸುಬೇ ವೇಷ. ದಾರಿಹೋಕರ ಜೊತೆ ಪ್ರಯಾಣಿಕರಂತೆ ಸೇರಿ, ಸ್ನೇಹ ಬೆಳೆಸಿ, ಕೊರಳಿಗೆ ಉರುಲು ಹಾಕುವುದು. ಕನ್ನಡ ನಾಡಿಗೂ ಇವರು ಹೊರಗಿನವರಲ್ಲ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಇಂಥ ಸುಮಾರು ನೂರು ಮಂದಿ ಸಿಕ್ಕಿಬಿದ್ದಿದ್ದರು. ಇವರನ್ನು ಹತ್ತಿಕ್ಕಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್‌ನ ಮುಖ್ಯ ಅಸ್ತ್ರ ಮಾಫಿ ಸಾಕ್ಷಿ. ಹಿಡಿದವನಿಗೆ ಜೀವದಾನ ಕೊಟ್ಟು ಅವನ ಬಾಯಿಂದಲೇ ಉಳಿದವರ ಹೆಸರು ಹೊರಡಿಸುತ್ತಿದ್ದ. ಹೀಗೆ ಸಿಕ್ಕ ಹೇಳಿಕೆಗಳಲ್ಲಿ ಎಷ್ಟು ನಿಜ, ಎಷ್ಟು ವಸಾಹತುಶಾಹಿ ಕಲ್ಪನೆ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ.

ಸಿನಿಮಾ ಮಾಫಿ ಸಾಕ್ಷಿಯನ್ನು ಬದಿಗೆ ಸರಿಸಿ ಅವನ ಜಾಗದಲ್ಲಿ ವೇಷಧಾರಿ ನಾಯಕನನ್ನು ಕೂರಿಸಿತು. ಜಾನ್ ಮಾಸ್ಟರ್ಸ್‌ನ 1952ರ ಕಾದಂಬರಿಯನ್ನು ಆಧರಿಸಿ ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿದ ‘ದ ಡಿಸೀವರ್ಸ್’ (1988) ಚಿತ್ರದಲ್ಲಿ ಪಿಯರ್ಸ್ ಬ್ರಾಸ್ನನ್ ಅಭಿನಯಿಸಿದ ಇಂಗ್ಲಿಷ್ ಅಧಿಕಾರಿ ಮೈಗೆ ಬಣ್ಣ ಬಳಿದುಕೊಂಡು ಠಕ್ಕರ ತಂಡ ಸೇರುತ್ತಾನೆ, ಕೊಲೆಯ ರುಚಿ ತನಗೂ ಹತ್ತುತ್ತಿದೆಯೇ ಎಂದು ಹೆದರುತ್ತಾನೆ. ಈ ಹೆದರಿಕೆಯೇ ಈ ಪ್ರಕಾರದ ಜೀವಾಳ. ಅದೇ ವರ್ಷದ ಕೋಸ್ತಾ ಗಾವ್ರಾಸ್‌ನ ‘ಬಿಟ್ರೇಡ್’, ಡೇನಿಯಲ್ ರಾಡ್‌ಕ್ಲಿಫ್ ಎಫ್‌ಬಿಐ ಅಧಿಕಾರಿಯಾಗಿ ನಟಿಸಿದ ‘ಇಂಪೀರಿಯಂ’ (2016), ಸ್ಪೈಕ್ ಲೀಯ ‘ಬ್ಲ್ಯಾಕ್‌ಕ್ಲಾನ್ಸ್‌ಮನ್’ (2018) ಇವೆಲ್ಲ ಅಮೆರಿಕದ ಬಿಳಿಯ ಜನಾಂಗವಾದಿಗಳ ಒಳಹೊಕ್ಕ ಪೊಲೀಸರ ಚಿತ್ರಗಳು. ಕೊನೆಯ ಎರಡಕ್ಕೆ ನಿಜ ಅಧಿಕಾರಿಗಳ ಅನುಭವವೇ ಆಧಾರ. ಹಿಂದಿಯಲ್ಲಿ ಗೋವಿಂದ ನಿಹಲಾನಿಯವರ ‘ದ್ರೋಹಕಾಲ್’ (1994) ಉಗ್ರರ ನಡುವೆ ಗೂಢಚಾರರನ್ನು ಬಿಟ್ಟ ಅಧಿಕಾರಿಗಳೇ ಕುಸಿದುಹೋಗುವ ಬಗೆಯನ್ನು ತೋರಿಸಿತು. ಅದು ಮರುವರ್ಷ ತಮಿಳಿನಲ್ಲಿ ‘ಕುರುದಿಪ್ಪುನಲ್’ ಆಯಿತು.

ಕನ್ನಡದಲ್ಲಿ ಈ ಬಗೆಯ ಚಿತ್ರಗಳು ಕುಣಿದಾಡುತ್ತಲೇ ಬಂದವು. ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’ (1968) ರಾಜಕುಮಾರ್ ಅವರನ್ನು ಸಿಐಡಿ 999 ಪ್ರಕಾಶನನ್ನಾಗಿ ಮಾಡಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಜೇಮ್ಸ್ ಬಾಂಡ್ ಅಚ್ಚಿನ ಈ ಚಿತ್ರಗಳಲ್ಲಿ ಖಳರ ಗುಹೆಗಳು, ಗುಂಡಿ ಒತ್ತಿದರೆ ಸರಿಯುವ ಗೋಡೆಗಳು, ನಡುವೆ ಹಾಡುಗಳು. ಗೂಢಚಾರನಿಗೆ ಅಪಾಯವಿತ್ತು, ಅನುಮಾನವಿರಲಿಲ್ಲ. ಪ್ರೇಕ್ಷಕರೂ ಅದನ್ನು ಕೇಳಿರಲಿಲ್ಲ.

ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ (1981) ಆ ಹಗುರತನವನ್ನು ಮುಗಿಸಿತು. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ ಅಂಬರೀಷ್ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಮತ್ತು ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್, ಎರಡೂ ಪಾತ್ರಗಳಲ್ಲಿ ಇದ್ದಾರೆ. ಇನ್‌ಸ್ಪೆಕ್ಟರ್ ಪಾತಕಿಯ ಹೆಸರಿನಲ್ಲಿ ಗುಂಪು ಸೇರುತ್ತಾನೆ. ಒಳಹೊಕ್ಕವನಿಗೆ ಕಾಣುವುದು ಗುಂಪಿನ ಹಿಂದೆ ನಿಂತ ದೊಡ್ಡವರ ಮುಖಗಳು. ಚಿತ್ರಹಿಂಸೆಯ ದೃಶ್ಯಗಳು, ರಾಜಕಾರಣಿಗಳ ಚಿತ್ರಣ ವಿವಾದಕ್ಕೀಡಾದವು. ಚಿತ್ರ ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಆಗಿ ಮರುಹುಟ್ಟು ಪಡೆಯಿತು. ವೇಷ ತೊಟ್ಟವನು ಅದರ ಬೆಲೆಯನ್ನು ಮನೆಯವರ ಪ್ರಾಣದಲ್ಲಿ ತೆರುವುದನ್ನು ಕನ್ನಡ ಪ್ರೇಕ್ಷಕ ಇಷ್ಟು ನಿಷ್ಠುರವಾಗಿ ಅದಕ್ಕೆ ಮೊದಲು ನೋಡಿರಲಿಲ್ಲ. ಮುಂದೆ ಎ.ಎಂ.ಆರ್. ರಮೇಶರ ‘ಸಯನೈಡ್’ (2006) ಕನ್ನಡಿಯನ್ನು ತಿರುಗಿಸಿ ಹಿಡಿಯಿತು. ಅಲ್ಲಿ ವೇಷ ಮರೆಸಿಕೊಂಡವರು ಪೊಲೀಸರಲ್ಲ. ರಾಜೀವ್ ಗಾಂಧಿ ಹತ್ಯೆಯ ನಂತರ 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದ ಎಲ್‌ಟಿಟಿಇಯ ಶಿವರಾಸನ್ ತಂಡ.

‘ಕಿಲ್ಲಿಂಗ್ ವೀರಪ್ಪನ್’ ಹಿಂದಿನ ನಿಜಕಥೆಯಲ್ಲಿ ಮೋಸದ ಬಲೆ ಎರಡೂ ಕಡೆಯಿಂದ ಬೀಳುತ್ತಿತ್ತು. ಆ ಇತಿಹಾಸ ಗೊತ್ತಿಲ್ಲದೆ ಚಿತ್ರದ ಕೊನೆಯ ಆಂಬುಲೆನ್ಸ್ ಅರ್ಥವಾಗುವುದು ಕಷ್ಟ. 1952ರಲ್ಲಿ ಗೋಪಿನಾಥಂನಲ್ಲಿ ಹುಟ್ಟಿದ ಕೂಸೆ ಮುನಿಸ್ವಾಮಿ ವೀರಪ್ಪನ್ ದಂತ, ಗಂಧದ ಕಳ್ಳಸಾಗಣೆಯಿಂದ ಬೆಳೆದವನು. ಗೋಪಿನಾಥಂ ಜನರ ನಡುವೆ ಇದ್ದು, ಅವರ ಮನಸ್ಸು ಗೆದ್ದು, ಗುಂಪನ್ನು ಒಡೆಯಲು ಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಶರಣಾಗತಿಯ ಮಾತು ನಂಬಿ ನಿರಾಯುಧರಾಗಿ ಹೋದರು. 1991ರ ನವೆಂಬರ್ 10ರಂದು ಅವರನ್ನು ಕೊಂದು ತಲೆ ಕಡಿಯಲಾಯಿತು. ಮರುವರ್ಷ ಪೊಲೀಸರ ಸರದಿ. ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ದಂತ ಕೊಳ್ಳುವ ವ್ಯಾಪಾರಿಯ ಸೋಗಿನಲ್ಲಿ ಬಲೆ ಹಾಕಿದರು, ವೀರಪ್ಪನ್‌ನ ಬಲಗೈ ಗುರುನಾಥನ್ ಸಿಕ್ಕಿ ಸತ್ತ. ಸೇಡಿಗೆ 1992ರ ಮೇ 20ರಂದು ರಾಮಾಪುರ ಠಾಣೆಯ ಮೇಲೆ ದಾಳಿ ನಡೆದು ಐವರು ಪೊಲೀಸರು ಹತರಾದರು. ಆಮೇಲೆ ಅದೇ ಆಟವನ್ನು ವೀರಪ್ಪನ್ ತಿರುಗಿಸಿ ಆಡಿದ. ಪೊಲೀಸರು ತಮ್ಮವನೆಂದು ನಂಬಿದ್ದ ಮಾಹಿತಿದಾರನ ಮೂಲಕವೇ ದಂತ ಮಾರಾಟದ ಸುದ್ದಿ ಕಳಿಸಿದ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಕಾದು ಕುಳಿತಿದ್ದ ಗುಂಪಿನ ಗುಂಡಿಗೆ ಮೈಸೂರಿನ ಎಸ್‌ಪಿ ಟಿ. ಹರಿಕೃಷ್ಣ, ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರು ಬಲಿಯಾದರು. ವ್ಯಾಪಾರಿ ವೇಷದ ಉಪಾಯ ಒಮ್ಮೆ ಫಲಿಸಿದ್ದೇ ಎರಡನೆಯ ಸಲ ಮುಳುವಾಯಿತು. ಈ ಒಂದು ವರ್ಷದ ಘಟನೆಗಳೇ ಒಂದು ಪೂರ್ಣ ಥ್ರಿಲ್ಲರ್‌ಗೆ ಸಾಕು. ಕನ್ನಡ ಚಿತ್ರರಂಗ ಇದಕ್ಕೆ ಸಿಗಬೇಕಾದ ಗಮನ ಕೊಟ್ಟಿಲ್ಲ.

ಮುಂದಿನ ದಶಕ ಬಲಪ್ರಯೋಗದ್ದು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟಗೊಂಡು 22 ಮಂದಿ ಸತ್ತರು. ಅದೇ ವರ್ಷ ಕರ್ನಾಟಕದ ಕಾರ್ಯಪಡೆಯ ಹೊಣೆ ಹೊತ್ತವರು ಶಂಕರ ಬಿದರಿ.  ಅವರ ಅವಧಿಯಲ್ಲಿ ನೂರಕ್ಕೂ ಹೆಚ್ಚಿದ್ದ ಗುಂಪು ಬೆರಳೆಣಿಕೆಗೆ ಇಳಿಯಿತು. ಆದರೆ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಕಾರ್ಯಪಡೆಗಳ ಮೇಲೆ ಕಾಡಂಚಿನ ಹಳ್ಳಿಗಳಿಂದ ಅಕ್ರಮ ಬಂಧನ, ಚಿತ್ರಹಿಂಸೆ, ಅತ್ಯಾಚಾರದ ದೂರುಗಳ ಸರಮಾಲೆಯೇ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿ ವಿಚಾರಣೆ ನಡೆಸಿತು. 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಸೂಚಿಸಿತು. ಸುಳಿವು ಕೊಟ್ಟರೆ ವೀರಪ್ಪನ್ ಕೊಲ್ಲುತ್ತಿದ್ದ, ಕೊಡದಿದ್ದರೆ ಪೊಲೀಸರು ಎಳೆದೊಯ್ಯುತ್ತಿದ್ದರು. ಗಡಿಯ ಸೋಲಿಗ, ತಮಿಳು, ಕನ್ನಡ ಕುಟುಂಬಗಳ ಪಾಡು ಇದು.

ಕಾಡುಗಳ್ಳನ ಪ್ರಕರಣಕ್ಕೆ ಉಗ್ರವಾದದ ಬಣ್ಣ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಸೊರಗಿದ್ದ ಗುಂಪಿಗೆ ತಮಿಳುನಾಡು ವಿಮೋಚನಾ ಸೇನೆಯಂಥ ಪ್ರತ್ಯೇಕತಾವಾದಿ ಸಂಘಟನೆಗಳ ಯುವಕರು ಬಂದು ಸೇರಿದರು. ಅವರಿಗೆ ಕಾಡಿನ ಆಸರೆ ಬೇಕಿತ್ತು, ವೀರಪ್ಪನ್‌ಗೆ ಆಳು ಮತ್ತು ಒಂದು ಸಿದ್ಧಾಂತದ ಮುಖವಾಡ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ರಾಜಕುಮಾರ್ ಮತ್ತು ಮೂವರನ್ನು ಎಳೆದೊಯ್ದಾಗ ಅದು ಬರೀ ಒತ್ತೆಹಣದ ಅಪಹರಣವಾಗಿ ಉಳಿಯಲಿಲ್ಲ. ಕಾವೇರಿ ನೀರು, ಕರ್ನಾಟಕದಲ್ಲಿ ತಮಿಳಿಗೆ ಆಡಳಿತದ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ, ಟಾಡಾ ಎಂಬ ಉಗ್ರ ನಿಗ್ರಹ ಕಾಯ್ದೆಯಡಿ ಬಂಧಿತರಾದವರ ಬಿಡುಗಡೆ ಎಲ್ಲವೂ ಬೇಡಿಕೆಪಟ್ಟಿಯಲ್ಲಿದ್ದವು. ಬೆಂಗಳೂರು ಸ್ತಬ್ಧವಾಯಿತು, ಚಿತ್ರಮಂದಿರಗಳು ಬಾಗಿಲು ಹಾಕಿದವು. ಸಿಐಡಿ 999 ಆಗಿ ಎಷ್ಟೋ ಖಳರ ಕೋಟೆಯಿಂದ ಪಾರಾಗಿ ಬಂದಿದ್ದ ನಟ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ 108 ದಿನ ಕಾಡಿನಲ್ಲಿ ಒತ್ತೆಯಾಳು. ಯಾವ ಚಿತ್ರಕಥೆಗಾರನೂ ಬರೆಯಲು ಹಿಂಜರಿಯುತ್ತಿದ್ದ ತಿರುವು ಅದು.

ಟಾಡಾ ಬಂಧಿತರನ್ನು ಬಿಡಲು ಸರ್ಕಾರಗಳು ಮುಂದಾದಾಗ ಅಡ್ಡ ನಿಂತವರು ಅಬ್ದುಲ್ ಕರೀಂ. ವ್ಯಾಪಾರಿ ವೇಷದಲ್ಲಿ ಹೋಗಿ ಮೀಣ್ಯಂನಲ್ಲಿ ಪ್ರಾಣ ಕೊಟ್ಟ ಶಕೀಲ್ ಅಹಮದ್ ಅವರ ತಂದೆ. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2000ದ ನವೆಂಬರ್ 7ರಂದು ಆರೋಪ ಹಿಂತೆಗೆದುಕೊಳ್ಳುವ ಕ್ರಮವನ್ನು ತಳ್ಳಿಹಾಕಿತು. ನವೆಂಬರ್ 15ರಂದು ರಾಜಕುಮಾರ್ ಬಿಡುಗಡೆಯಾದರು. ದೊಡ್ಡ ಮೊತ್ತ ಸಂದಾಯವಾಯಿತೆಂದು ಆಗ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ಪುಸ್ತಕದಲ್ಲಿ ಬರೆದರು, ಸರ್ಕಾರ ಒಪ್ಪಲಿಲ್ಲ. 2002ರಲ್ಲಿ ಕಾಮಗೆರೆಯಿಂದ ಅಪಹರಿಸಲ್ಪಟ್ಟ ಮಾಜಿ ಸಚಿವ ಎಚ್. ನಾಗಪ್ಪ ಮಾತ್ರ ಹೆಣವಾಗಿ ಸಿಕ್ಕರು.

ಈ ಗುಂಪನ್ನು ಒಳಗಿನಿಂದ ಕಂಡು ಬಂದು ಹೇಳಿದ ಕನ್ನಡಿಗರು ಗೂಢಚಾರರಲ್ಲ, ಒತ್ತೆಯಾಳುಗಳು. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ 1997ರ ಅಕ್ಟೋಬರ್‌ನಲ್ಲಿ ಬಂಡೀಪುರದಿಂದ ಅಪಹೃತರಾಗಿ ಹದಿನಾಲ್ಕು ದಿನ ವೀರಪ್ಪನ್ ಜೊತೆ ಅಲೆದರು. ಅವರು ಬರೆದ ಪುಸ್ತಕದಲ್ಲಿ ಹರಟುವ, ಮುನಿಸಿಕೊಳ್ಳುವ, ಹೊರಜಗತ್ತಿನ ಬಗ್ಗೆ ವಿಚಿತ್ರ ಅಂದಾಜುಗಳಿದ್ದ ಒಬ್ಬ ಮನುಷ್ಯ ಕಾಣುತ್ತಾನೆ. ರಾಜಕುಮಾರ್ ಜೊತೆಗಿದ್ದ ನಾಗಪ್ಪ ಮಾರಡಗಿ ಕಾವಲು ತಪ್ಪಿಸಿ ಓಡಿಬಂದರು. ಪೊಲೀಸರ ದಪ್ಪ ಕಡತಗಳಲ್ಲಿ ಇಲ್ಲದ ಮಾತು, ಹಾವಭಾವ, ಊಟೋಪಚಾರದ ವಿವರಗಳೆಲ್ಲ ಇವರಿಂದ ಸಿಕ್ಕವು. ವೇಷ ತೊಟ್ಟು ಹೋದವನಿಗೆ ಬೇಕಾಗುವುದೂ ಇವೇ.

ವೀರಪ್ಪನ್‌ನನ್ನು ಮುಗಿಸಿದ ‘ಆಪರೇಷನ್ ಕಕೂನ್’ ತಮಿಳುನಾಡು ಕಾರ್ಯಪಡೆಯದು. ನಾಯಕತ್ವ ಕೆ. ವಿಜಯಕುಮಾರ್ ಅವರದು, ಬೇಹುಗಾರಿಕೆಯ ಹೊಣೆ ಎನ್.ಕೆ. ಸೆಂತಾಮರೈ ಕಣ್ಣನ್ ಅವರದು. ಚಿತ್ರದ ನಾಯಕನಿಗೆ ಕಣ್ಣನ್ ಅವರೇ ಮಾದರಿ. ಅಷ್ಟು ಹೊತ್ತಿಗೆ ಗುಂಪಿನಲ್ಲಿ ಉಳಿದದ್ದು ನಾಲ್ವರು. ಐವತ್ತು ದಾಟಿದ ವೀರಪ್ಪನ್‌ಗೆ ಕಣ್ಣಿನ ತೊಂದರೆ, ಚಿಕಿತ್ಸೆಗಾಗಿ ಕಾಡು ಬಿಡಲೇಬೇಕು, ಹೊಸ ಶಸ್ತ್ರಗಳೂ ಬೇಕು. ಮಧ್ಯವರ್ತಿಗಳ ಮೂಲಕ ಪೊಲೀಸರು ಈ ಎರಡು ಅಗತ್ಯಗಳ ಒಳಗೇ ನುಸುಳಿದರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪರಪಟ್ಟಿ ಬಳಿ ನಾಲ್ವರೂ ಹತ್ತಿದ ಆಂಬುಲೆನ್ಸ್ ಮೇಲೆ ಸೇಲಂನ ಆಸ್ಪತ್ರೆಯೊಂದರ ಹೆಸರಿತ್ತು. ಓಡಿಸುತ್ತಿದ್ದವನು ಪೊಲೀಸ್. ಗೊತ್ತುಮಾಡಿದ ಜಾಗದಲ್ಲಿ ಗಾಡಿ ನಿಂತಿತು, ಚಾಲಕ ಇಳಿದು ಕತ್ತಲಲ್ಲಿ ಮರೆಯಾದ, ಕೆಲವೇ ನಿಮಿಷಗಳಲ್ಲಿ ವೀರಪ್ಪನ್, ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಸತ್ತಿದ್ದರು. ಗುರುತು ಸಿಗದಿರಲೆಂದು ವೀರಪ್ಪನ್ ತನ್ನ ಹೆಸರುವಾಸಿ ಮೀಸೆಯನ್ನು ಕತ್ತರಿಸಿಕೊಂಡಿದ್ದ. ಅಂದರೆ ಆ ರಾತ್ರಿ ವೇಷ ಹಾಕಿದ್ದವರು ಪೊಲೀಸರು ಮಾತ್ರವೇ ಅಲ್ಲ. ಶರಣಾಗಲು ಕೂಗಿ ಹೇಳಿದರೂ ಒಳಗಿನಿಂದ ಗುಂಡು ಬಂತೆಂಬುದು ಪೊಲೀಸರ ವಿವರಣೆ. ಮೊದಲೇ ಹಿಡಿದು ಕೊಂದು ಎನ್‌ಕೌಂಟರ್ ಕಥೆ ಕಟ್ಟಲಾಯಿತು ಎಂದು ಮಾನವ ಹಕ್ಕು ಸಂಘಟನೆಗಳು ಆಕ್ಷೇಪಿಸಿದವು.

ವೀರಪ್ಪನ್ ಬದುಕಿದ್ದಾಗಲೇ ಸಿನಿಮಾ ಅವನ ಬೆನ್ನು ಹತ್ತಿತ್ತು. 1991ರ ಕನ್ನಡ ‘ವೀರಪ್ಪನ್’ ಚಿತ್ರದಲ್ಲಿ ದೇವರಾಜ್ ಆ ಪಾತ್ರ ಮಾಡಿದರು. ವರ್ಮಾ ಅವರ ಹಿಂದಿ ‘ಜಂಗಲ್’ ತೆರೆಕಂಡದ್ದು 2000ದ ಜುಲೈನಲ್ಲಿ, ಗಾಜನೂರಿನ ಅಪಹರಣ ನಡೆದ ತಿಂಗಳಲ್ಲೇ. ಕಾಡುಗಳ್ಳನೊಬ್ಬ ಪ್ರವಾಸಿಗರನ್ನು ಒತ್ತೆಯಿಟ್ಟುಕೊಳ್ಳುವುದೇ ಅದರ ಕಥೆ. ಸಾವಿನ ನಂತರದ ಮೊದಲ ದೊಡ್ಡ ಪ್ರಯತ್ನ ಎ.ಎಂ.ಆರ್. ರಮೇಶರ ‘ಅಟ್ಟಹಾಸ’ (2013), ತಮಿಳಿನಲ್ಲಿ ‘ವನಯುದ್ಧಂ’. ಅದರಲ್ಲಿ ಕಿಶೋರ್ ವೀರಪ್ಪನ್, ಅರ್ಜುನ್ ಸರ್ಜಾ ವಿಜಯಕುಮಾರ್, ಸುರೇಶ್ ಒಬೆರಾಯ್ ರಾಜಕುಮಾರ್. ತನ್ನ ಬದುಕನ್ನು ಒಪ್ಪಿಗೆಯಿಲ್ಲದೆ ತೆರೆಗೆ ತಂದರೆಂದು ಮುತ್ತುಲಕ್ಷ್ಮಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ‘ಅಟ್ಟಹಾಸ’ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಹೇಳಲು ಹೊರಟ ವೃತ್ತಾಂತ. ಕಿಶೋರ್ ಅವರ ನಟನೆ ಇಂದಿಗೂ ಈ ಪಾತ್ರದ ಅಳತೆಗೋಲು. ಘಟನೆಗಳ ದಟ್ಟಣೆಯಲ್ಲಿ ಬಲೆ ಹೆಣೆದ ಬಗೆ ಮಾತ್ರ ಹಿಂದೆ ಉಳಿಯಿತು.

ವರ್ಮಾ ಆ ಬಲೆಯನ್ನೇ ಎತ್ತಿಕೊಂಡರು. ‘ಸತ್ಯ’, ‘ಕಂಪನಿ’ ಚಿತ್ರಗಳಿಂದ ಬಂದ ಅವರ ಶೈಲಿ, ಅಂದರೆ ನೆಲಮಟ್ಟದ ಕ್ಯಾಮೆರಾ, ಕಿವಿಗಡಚಿಕ್ಕುವ ಹಿನ್ನೆಲೆ ಸಂಗೀತ, ಎಡೆಬಿಡದ ನಿರೂಪಣಾ ಧ್ವನಿ ಇಲ್ಲಿಯೂ ಇದೆ. ಕೆಲವೆಡೆ ಅದು ದೃಶ್ಯವನ್ನೇ ನುಂಗುತ್ತದೆ. ಚಿತ್ರದ ಗಟ್ಟಿ ಆಯ್ಕೆ ನಾಯಕನದು. ರಾಕ್ಷಸನನ್ನು ಕೊಲ್ಲಲು ಅವನಿಗಿಂತ ದೊಡ್ಡ ರಾಕ್ಷಸನಾಗಬೇಕೆಂಬ ನಿಲುವಿನ ಈ ಅಧಿಕಾರಿಗೆ ಚಿತ್ರಹಿಂಸೆಯೂ ಒಂದು ಉಪಕರಣ. ಅಭಿಮಾನಿಗಳ ದೃಷ್ಟಿಯಲ್ಲಿ ಪ್ರಶ್ನಾತೀತನಾದ ನಟ ಅಂಥ ಪಾತ್ರಕ್ಕೆ ಒಪ್ಪಿದ್ದು ಸಣ್ಣ ಮಾತಲ್ಲ. ಹಾಡು, ಕುಣಿತ, ಪ್ರೇಮಪ್ರಸಂಗ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಧಿಕಾರಿಯ ಕ್ರೌರ್ಯವನ್ನು ಚಿತ್ರ ತೋರಿಸುತ್ತದೆಯೇ ಹೊರತು ಪ್ರಶ್ನಿಸುವುದಿಲ್ಲ. ಸದಾಶಿವ ಸಮಿತಿಯ ಮುಂದೆ ಸಾಲುಗಟ್ಟಿ ನಿಂತ ಹಳ್ಳಿಗರು ಕಥೆಯ ಹೊರಗೇ ಉಳಿದರು. ‘ದ ಡಿಸೀವರ್ಸ್’ ಮತ್ತು ‘ಇಂಪೀರಿಯಂ’ ಎಷ್ಟೇ ಅರೆಕೊರೆಯಿದ್ದರೂ ವೇಷದೊಳಗಿನ ಮನಸ್ಸು ಏನಾಗುತ್ತದೆ ಎಂದು ಕೇಳುತ್ತವೆ. ಇಲ್ಲಿ ಆ ಪ್ರಶ್ನೆ ಶ್ರೇಯಾಳ ಪಾತ್ರದಲ್ಲಿ ಒಂದಿಷ್ಟು ಮಿನುಗಿ ಆರುತ್ತದೆ. ಗೆಳತಿಯಂತೆ ಮನೆಹೊಕ್ಕು ಇನ್ನೊಬ್ಬ ಹೆಣ್ಣಿನ ಗುಟ್ಟು ಕದಿಯುವವಳ ಇಕ್ಕಟ್ಟು ಚಿತ್ರದ ಅತ್ಯಂತ ಬೆಲೆಬಾಳುವ ಎಳೆಯಾಗಬಹುದಿತ್ತು. ನಿಜದಲ್ಲಿಯೂ ಮುತ್ತುಲಕ್ಷ್ಮಿಯ ಸ್ನೇಹ ಸಂಪಾದಿಸಿ ಕಾರ್ಯಪಡೆಗೆ ಸುಳಿವು ಕೊಟ್ಟೆನೆಂದು ಮಹಿಳೆಯೊಬ್ಬರು ನಂತರದ ವರ್ಷಗಳಲ್ಲಿ ಹೇಳಿಕೊಂಡರು.

ತಂದೆ ರಾಜಕುಮಾರ್ ಅವರನ್ನು ಕದ್ದೊಯ್ದವನನ್ನು ತೆರೆಯ ಮೇಲೆ ಮಗ ಶಿವರಾಜಕುಮಾರ್ ಬೇಟೆಯಾಡುತ್ತಾನೆ ಎಂಬುದು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಆದರೆ ಚಿತ್ರಮಂದಿರದಲ್ಲಿದ್ದ ಕನ್ನಡ ಪ್ರೇಕ್ಷಕ ಅದನ್ನು ಬಿಟ್ಟು ಚಿತ್ರ ನೋಡುವುದು ಸಾಧ್ಯವಿರಲಿಲ್ಲ. 2016ರ ಮೇ ತಿಂಗಳಲ್ಲಿ ಹಿಂದಿಯ ‘ವೀರಪ್ಪನ್’ ಬಂದಾಗ ಇದು ಸಾಬೀತಾಯಿತು. ನಿರ್ದೇಶಕ ಅವರೇ, ಸಂದೀಪ್ ಭಾರದ್ವಾಜರೂ ಅದೇ ಪಾತ್ರದಲ್ಲಿ. ಅಧಿಕಾರಿಯಾಗಿ ಸಚಿನ್ ಜೋಶಿ, ಜೊತೆಗೆ ಲೀಸಾ ರೇ, ಉಷಾ ಜಾಧವ್. ಕಥೆ ಹೆಚ್ಚು ಬದಲಾಗದಿದ್ದರೂ ಕನ್ನಡದಲ್ಲಿದ್ದ ಕಾವು ಅದಕ್ಕೆ ಇರಲಿಲ್ಲ.

ಮುಂದಿನ ವರ್ಷ ನರ್ತನ್ ನಿರ್ದೇಶನದ ‘ಮಫ್ತಿ’ (2017) ಪಾತ್ರಗಳನ್ನು ಅದಲುಬದಲು ಮಾಡಿತು. ಅದರಲ್ಲಿ ಮಾರುವೇಷದ ಪೊಲೀಸ್ ಶ್ರೀಮುರಳಿ, ಅವನು ಒಳಹೊಕ್ಕ ಸಾಮ್ರಾಜ್ಯದ ಒಡೆಯ ಭೈರತಿ ರಣಗಲ್ ಆಗಿ ಶಿವರಾಜಕುಮಾರ್. ಒಳಹೊಕ್ಕವನು ಪಾತಕಿಯ ಮೇಲೆ ಗೌರವ ಬೆಳೆಸಿಕೊಳ್ಳುವ ಈ ಕಥೆ ತಮಿಳಿನಲ್ಲಿ ‘ಪತ್ತು ತಲ’ (2023) ಆಯಿತು, ಕನ್ನಡದಲ್ಲಿ ಅದರ ಪೂರ್ವಕಥೆ ‘ಭೈರತಿ ರಣಗಲ್’ 2024ರಲ್ಲಿ ಬಂತು. ವೀರಪ್ಪನ್ ಪ್ರಕರಣವಂತೂ ಕಥಾಚಿತ್ರ ಬಿಟ್ಟು ಸಾಕ್ಷ್ಯಚಿತ್ರಕ್ಕೆ ಹೊರಳಿದ್ದು, 2023ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ‘ದ ಹಂಟ್ ಫಾರ್ ವೀರಪ್ಪನ್’, ಜೀ5ರಲ್ಲಿ ಬಂದ ‘ಕೂಸೆ ಮುನಿಸ್ವಾಮಿ ವೀರಪ್ಪನ್’ ಸರಣಿಗಳಲ್ಲಿ ಮುತ್ತುಲಕ್ಷ್ಮಿ, ಪೊಲೀಸ್ ಅಧಿಕಾರಿಗಳು, ಕಾಡಂಚಿನ ಊರುಗಳ ಜನ ತಮ್ಮ ತಮ್ಮ ಮಾತನ್ನು ತಾವೇ ಹೇಳಿದ್ದಾರೆ.